ಟಿಸಿ ತೊಗೊಂಡ ಹೋಗು ಅಂದವ್ರಿಗೆ

ಸಿಟ್ಟು ಬಂದಾಗ ಉಸುರು ಬಿಗಿಹಿಡದು ಹತ್ತರ ತನಕ ಎಣಸ್ರಿ ಅಂತ ಮಕ್ಕಳಿಗೆ ಕಲಸಾಕಿ ನಾನ. ಅದ ನನ್ನ ನೌಕರಿ. ಆಪ್ತ ಸಮಾಲೋಚಕಿ ಅಂತ ಕಾಗದದಾಗ ಬರೀತಾರ, ಹೈಸ್ಕೂಲ್ ಹುಡುಗ್ರು ಕೌನ್ಸೆಲಿಂಗ್ ಅಕ್ಕೋರು ಅಂತಾರ. ಆದ್ರ ಆ ಸೋಮವಾರ ಸವಣೂರಿನ ಶಾಲ್ಯಾಗ ನನಗ ಬಂದ ಸಿಟ್ಟಿಗೆ ಸಾವಿರ ಎಣಿಸಿದ್ರೂ ಸಾಲತಿದ್ದಿಲ್ಲ. ಆ ಸಿಟ್ಟು ಇವತ್ತಿಗೂ ಪೂರಾ ಇಳದಿಲ್ಲ. ಇಳಸಬೇಕು ಅನ್ನೂ ಇಚ್ಛಾನೂ ನನಗಿಲ್ಲ.

ಒಂದ ಟ್ರಸ್ಟಿನವ್ರು ನಡಸೂ ಹೈಸ್ಕೂಲು ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಕೂ ಕಡೆ ಅದಾವ. ನಾಕಕ್ಕೂ ಸೇರಿ ನಾನೊಬ್ಬಾಕಿನ. ಮನಿ ಶಿಗ್ಗಾಂವದಾಗ, ಹಿಂಗಾಗಿ ಅರ್ಧ ನೌಕರಿ ಬಸ್ಸಿನ್ಯಾಗ ಮುಗೀತೈತಿ. ಸೋಮವಾರ, ಶುಕ್ರವಾರ ನನ್ನ ಪಾಳಿ ಸವಣೂರಿಗೆ.

ಅಲ್ಲೆ ನನಗ ಕೊಟ್ಟದ್ದು ಲ್ಯಾಬಿನ ಹಿಂದಿನ ಖೋಲಿ. ಒಡದ ಗಾಜಿನ ನಳಿಗಿ, ಕಾಲು ಮುರದ ಸ್ಟೂಲು, ಬಣ್ಣ ಹೋದ ಭೂಗೋಳ ಎಲ್ಲಾ ಮೂಲಿಗೆ ಸರಸಿ ಎರಡು ಖುರ್ಚಿ ಹಾಕಿಸಿಕೊಂಡಿದ್ದೆ. ಟೇಬಲ್ ಬ್ಯಾಡ ಅಂದಿದ್ದೆ. ಟೇಬಲ್ ಆಚಿ ಯಾರರ ಕುಂತ್ರಂದ್ರ ಮಕ್ಕಳು ಕಳವು ಮಾಡಿ ಸಿಕ್ಕವ್ರಂಗ ಕೈ ಕಟ್ಟಿ ನಿಲ್ತಾವ. ಬಾಗಲಾ ಅರ್ಧ ತಗದಿರಬೇಕು. ಒಳಗಾಡಿದ ಮಾತು ಒಳಗ ಉಳೀಬೇಕು, ಮಗುವಿನ ಜೀವಕ್ಕ ಕುತ್ತು ಬಂದಾಗಷ್ಟ ಹೊರಗ ಹೇಳಬೇಕು. ಇದನ್ನ ಪ್ರತಿಯೊಂದು ಮಗುವಿಗೂ ಮೊದಲ ಹೇಳಿ, ತಿಳೀತಿಲ್ಲೊ ಅಂತ ಕೇಳಿ, ಆಮ್ಯಾಲೆ ಮುಂದಿನ ಮಾತು.

ಅರ್ಧ ವರ್ಷದ ಪರೀಕ್ಷೆ ಮುಗದ ಮ್ಯಾಲೆ ಹತ್ತನೇತ್ತಾದ ಕ್ಲಾಸ್ ಟೀಚರು ಒಂದು ಹುಡುಗಿನ್ನ ನನ್ನ ಕಡೆ ಕಳಿಸಿದ್ರು. ಆಕಿ ಹೆಸರು ಇಲ್ಲೆ ಹೇಳಂಗಿಲ್ಲ, ಅದು ನನ್ನ ಕೆಲಸದ ಕಟ್ಟಳೆ. ಊರ ಹೊರಗಿನ ಹಳ್ಳ್ಯಾಗ ಮನಿ. ಅವ್ವ ವೀಳ್ಯದೆಲಿ ತೋಟದಾಗ ಎಲಿ ಕೊಯ್ಯಾಕ ಹೋಗ್ತಾಳ, ಅಪ್ಪ ಲಾರಿ ಮ್ಯಾಲೆ ಊರೂರು ತಿರಗತಾನ. ಹುಡುಗಿನೂ ಹೊತ್ತು ಮೂಡೂ ಮುಂಚೆ ಅವ್ವನ ಜೋಡಿ ಎಲಿ ಕೊಯ್ದು, ಪೆಂಡಿ ಕಟ್ಟಿ, ಆಮ್ಯಾಲೆ ಶಾಲಿಗೆ ಬರ್ತಿದ್ಲು. ತಡಾ ಮಾಡಿ ಬರ್ತಾಳ, ಮಧ್ಯಾಹ್ನ ತೂಕಡಸ್ತಾಳ, ಬಾಯಿ ಬಿಡಂಗಿಲ್ಲ, ಪೇಪರಿನ್ಯಾಗ ಒಂದಕ್ಷರ ಬರಿಯಂಗಿಲ್ಲ ಅಂತ ಟೀಚರು ಒಂದ ಉಸುರಿಗೆ ಹೇಳಿ ಹೋದ್ರು.

ಯಾವ ಮಗು ಬಂದ್ರೂ ನಾ ಮೊದಲ ಮಾಡೂ ಕೆಲಸ ಅಂದ್ರ ಆ ಮಗುವಿನ ಉತ್ತರ ಪತ್ರಿಕೆ ತರಿಸಿ ನೋಡೂದು. ಅಂಕ ನೋಡಂಗಿಲ್ಲ, ಕೈ ನೋಡತೇನಿ. ಎಲ್ಲೆ ನಿಂತೈತಿ, ಎಲ್ಲೆ ಓಡೈತಿ, ಎಲ್ಲೆ ನಡಗೈತಿ. ಈಕಿ ಪೇಪರ್ ಖಾಲಿ ಇದ್ದಿಲ್ಲ. ಪ್ರತಿ ಪ್ರಶ್ನೆಕ್ಕೂ ಉತ್ತರ ಬರದು, ಆಮ್ಯಾಲೆ ಮ್ಯಾಲಿನ ಮೂಲಿಯಿಂದ ಕೆಳಗಿನ ಮೂಲಿ ತನಕ ಒಂದು ಉದ್ದ ಅಡ್ಡಗೆರಿ ಎಳದಿದ್ಲು. ಪುಟ ಪುಟಕ್ಕ ಹಂಗ. ಹೊಡದು ಹಾಕಿದ್ದಕ್ಕ ಅಂಕ ಕೊಡಂಗಿಲ್ಲ, ಹಿಂಗಾಗಿ ಎಲ್ಲಾ ವಿಷಯದಾಗ ಸೊನ್ನಿ ಇಲ್ಲಾ ಎರಡು ಮೂರು. ನಾ ಗಣಿತದ ಅಕ್ಕೋರನ್ನ ಕರದು, ಗೆರಿ ಇಲ್ಲಂತ ತಿಳಕೊಂಡು ಒಮ್ಮೆ ಅಂಕ ಹಾಕ್ರಿ ಅಂದೆ. ಅವರು ನಮ್ಮ ಶಾಲಿಗೆ ಹೊಸದಾಗಿ ಬಂದವ್ರು, ವಯಸ್ಸಿನ್ಯಾಗ ನನ್ನಕಿಂತ ಭಾಳ ಸಣ್ಣವ್ರು. ಅಲ್ಲೆ ನಿಂತ ತಿದ್ದಿ, ಈಕಿ ಪಾಸ್ ಅದಾಳಲ್ರಿ ಅಂದ್ರು.

ಯಾಕ ಹೊಡದು ಹಾಕ್ತಿ ಅಂತ ನಾ ಮೊದಲನೇ ಸಲ ಕೇಳಲಿಲ್ಲ, ಎರಡನೇ ಸಲಾನೂ ಕೇಳಲಿಲ್ಲ. ಮೂರನೇ ಸಲ ಆಕಿನ ಹೇಳಿದ್ಲು. ಎಂಟನೇತ್ತಾದಾಗ ಇದ್ದಾಗ ಹೆಡ್‌ಮಾಸ್ತರ್ರು ಈಕಿ ಇಂಗ್ಲಿಷ್ ಪೇಪರನ್ನ ಇಡೀ ಕ್ಲಾಸಿನ ಮುಂದ ದೊಡ್ಡ ದನಿಲೆ, ಮೂಗಿನ್ಯಾಗ ಎಳದೆಳದು ಓದಿದ್ರಂತ. ಇಂಗ್ಲಿಷ್ ಅವರ ವಿಷಯ, ಮುತ್ತು ಪೋಣಿಸಿದಂಥಾ ಅಕ್ಷರ ಅವರದು, ಅದರ ಗರ್ವ ಭಾಳ. ಹುಡುಗ್ರು ಹೊಟ್ಟಿ ಹಿಡಕೊಂಡು ನಕ್ಕಿದ್ರಂತ. ಅವತ್ತಿನಿಂದ ಈಕಿ ಪರೀಕ್ಷೆ ಬರದು ಮುಗಸಿ ಒಮ್ಮೆ ತಿರುಗಿ ಓದ್ತಾಳ.

"ಓದಿದ್ರ ಸರ್ ದನಿಲೆನ ಕೇಳತೈತ್ರಿ ಅಕ್ಕೋರ. ಅದಕ್ಕ ಹೊಡದು ಬಿಡ್ತೇನ್ರಿ."

ನಮ್ಮ ಕಾರ್ಯಕ್ರಮದ ಪ್ರಕಾರ ಅರ್ಧ ವರ್ಷಕ್ಕೊಮ್ಮೆ ಶಿಕ್ಷಕರ ಸಭಾದಾಗ ಯಾವ ಮಗುವಿಗೆ ಎಂಥಾ ಆಸರ ಬೇಕು ಅಂತ ನಾ ಹೇಳಬೇಕು. ಒಳಗಿನ ಮಾತು ಹೇಳಂಗಿಲ್ಲ, ಬೇಕಾದ್ದಷ್ಟ ಹೇಳೂದು. ಈಕಿ ಎಲಿ ಕೊಯ್ದು ಬರ್ತಾಳ, ತಡಾ ಆದ್ರ ಬೈಬ್ಯಾಡ್ರಿ. ಈಕಿಗೆ ಉತ್ತರ ಬರ್ತಾವು, ಬರದದ್ದನ್ನ ಉಳಿಸಿಕೊಳ್ಳೂದು ಕಲಸಬೇಕು, ಪರೀಕ್ಷೆ ತನಕ ನನಗ ಟೈಮ್ ಕೊಡ್ರಿ ಅಂದೆ. ಹೆಡ್‌ಮಾಸ್ತರ್ರು ತಲಿ ಅಲ್ಲಾಡಿಸಿಕೋತ ಭಾಳ ಲಕ್ಷ್ಯ ಕೊಟ್ಟು ಕೇಳಿದ್ರು. ಇಷ್ಟು ಲಕ್ಷ್ಯ ಯಾಕ ಅಂತ ನನಗ ಅವತ್ತು ಹೊಳೀಲಿಲ್ಲ.

ಮುಂದಿನ ಸೋಮವಾರ ಆಕಿ ಜಾಗಾ ಖಾಲಿ ಇತ್ತು. ಜಡ್ಡು ಬಿದ್ದಾಳೇನೋ ಅಂತ ಗೆಳತ್ಯಾರನ್ನ ಕೇಳಿದ್ರ ಮಾರಿ ಮಾರಿ ನೋಡಿಕೊಂಡ್ರು. ಆಫೀಸಿನ್ಯಾಗ ಕ್ಲಾರ್ಕನ್ನ ಕೇಳಿದೆ. ಶನಿವಾರ ಆಕಿ ಅವ್ವನ್ನ ಕರಸಿ ಟಿಸಿ ಅರ್ಜಿ ಮ್ಯಾಲೆ ಸಹಿ ಮಾಡಿಸಿಕೊಂಡಾರ, ಟಿಸಿ ಬರಿಯೂದಷ್ಟ ಬಾಕಿ ಐತಿ ಅಂದ್ರು.

ಈ ಆಟ ನನಗ ಗೊತ್ತಿಲ್ಲದ್ದೇನಲ್ಲ. ಪರೀಕ್ಷಾ ಮಂಡಳಿಗೆ ಮಕ್ಕಳ ಹೆಸರು ಕಳಸೂ ಮುಂಚೆ ಫೇಲ್ ಆಗ್ತಾರ ಅನ್ನೂ ಮಕ್ಕಳ ಪಾಲಕರನ್ನ ಕರದು, ಟಿಸಿ ತೊಗೊಂಡ ಹೋಗ್ರಿ, ಬರೂ ವರ್ಷ ಹೊರಗಿನಿಂದ ಖಾಸಗಿಯಾಗಿ ಕಟ್ಟಿಸ್ರಿ ಅಂತ ನಯವಾಗಿ ಹೇಳಿ ಕಳಸೂದು. ಉಳದವ್ರಷ್ಟ ಕುಂತು ಬರೀತಾರ, ಫಲಿತಾಂಶ ನೂರಕ್ಕ ನೂರು, ಬಸ್‌ಸ್ಟ್ಯಾಂಡಿನ ಮುಂದ ಫ್ಲೆಕ್ಸ್. ಹಿಂಗ ಹೋದ ಮಕ್ಕಳು ಬರೂ ವರ್ಷ ಕಟ್ಟೂದು ಅಷ್ಟರಾಗ ಐತಿ. ಹುಡುಗಿಯಾದ್ರ ಮದುವಿ ಮಾತು ಸುರು ಆಗ್ತೈತಿ.

ಹೆಡ್‌ಮಾಸ್ತರ್ರ ಖೋಲಿಗೆ ಹೋದೆ. ಚಾ ಕುಡ್ಯಾಕತ್ತಿದ್ರು. ತಾಯಿನ ಬಂದು ಕೇಳಿದ್ಲು, ನಾವೇನು ಕಟ್ಟಿ ಹಾಕಾಕ ಬರ್ತೈತೇನು ಅಂದ್ರು. ಹೋದ ವರ್ಷ ಬಾಜೂ ಶಾಲಿಯವ್ರು ನೂರು ಮಾಡಿ ನಮ್ಮ ಮಾನಾ ತಗದ್ರು, ಈ ವರ್ಷ ನಮಗ ನೂರು ಬೇಕ ಬೇಕು ಅಂದ್ರು. ಅವರ ಮಂದಿನ್ನ ಎಷ್ಟು ತಿದ್ದಿದ್ರೂ ಅಷ್ಟ ಬಿಡ್ರಿ ಅಂತನೂ ಅಂದ್ರು. ಅವರ ಮಂದಿ ಅಂದ್ರ ಯಾವ ಜಾತಿ ಅಂತ ನನಗ ತಿಳೀತು. ಆ ಹುಡುಗಿ ಮನ್ಯಾಗ ಬುದ್ಧನ ಫೋಟೊ ಐತಿ. ಅಷ್ಟಕ್ಕ ಬಿಟ್ಟಿದ್ರ ನಾ ಬರೇ ಬೈದು ಬರ್ತಿದ್ದೆನೇನೋ. ಆದ್ರ ಕಪ್ಪು ಕೆಳಗಿಟ್ಟು, ನಕ್ಕೋತ ಇನ್ನೊಂದು ಮಾತು ಅಂದ್ರು.

"ನಿಮ್ಮ ಕೌನ್ಸೆಲಿಂಗಿನಿಂದ ಭಾಳ ಉಪಯೋಗ ಆತ್ರಿ ಮೇಡಂ. ಯಾರನ್ನ ಕಳಸಬೇಕು ಅನ್ನೂದು ಸಭಾದಾಗ ನೀವ ಹೇಳಿದ್ರಲ್ಲ."

ಒಂದು ಮಗು ನನ್ನ ಮುಂದ ಕುಂತು ತನ್ನ ಗಾಯ ತಗದು ತೋರಿಸಿತ್ತು. ಆ ಮಗುವಿಗೆ ಆಸರ ಬೇಡಿದ ನನ್ನ ಮಾತನ್ನ ಹಿಡಕೊಂಡ ಈ ಮನಷ್ಯಾ ಆಕಿನ್ನ ಹೊರಗ ನೂಕಿದ್ದ. ಈ ಮನಷ್ಯಾನ ಸೊಕ್ಕು ಮುರೀದ ಬಿಡಂಗಿಲ್ಲ ಅಂತ ಅಲ್ಲೆ ನಿಂತ ಗಟ್ಟಿ ಮಾಡಿದೆ. ನಾ ಶಿಗ್ಗಾಂವದಾಗ ಕಾಳು ತೂಗೂ ಅಡತಿ ಅಂಗಡಿಯೊಳಗ ಬೆಳದಾಕಿ. ತಕ್ಕಡ್ಯಾಗ ಕೈ ಇಟ್ಟವ್ರನ್ನ ನಮ್ಮಪ್ಪ ಹೆಂಗ ಮಾತಾಡಸ್ತಿದ್ದಾ ಅನ್ನೂದು ನನಗಿನ್ನೂ ನೆನಪೈತಿ.

ಮದ್ಲ ಹುಡುಗಿ, ಆಮ್ಯಾಲೆ ಸೇಡು ಅಂತ ತೋಟಕ್ಕ ಹೋದೆ. ಎಲಿತೋಟದಾಗ ಚಪ್ಪಲಿ ಹಾಕಂಗಿಲ್ಲ, ಬೇಲಿ ಹೊರಗ ಬಿಟ್ಟು ಒಳಗ ನಡದೆ. ತಂಪು ಕೆಸರು, ಎರಡೂ ಕಡೆ ಗಿಡಕ್ಕ ಹಬ್ಬಿದ ಬಳ್ಳಿ. ಅವ್ವ ಮಗಳು ನಡುವಿನ ನೆರಳಾಗ ಕುಂತು ಎಲಿ ಹೊಂದಿಸಾಕತ್ತಿದ್ರು. ಹುಡುಗಿ ನನ್ನ ನೋಡಿ ತಲಿ ಕೆಳಗ ಹಾಕಿದಾಕಿ ಮತ್ತ ಎತ್ತಲಿಲ್ಲ. ಅವ್ವ ಎದ್ದು ನಿಂತ್ಲು. ಕುಂತ್ರಿ ಅನ್ನಲಿಲ್ಲ.

"ಈಕಿ ತಲಿಗೆ ಹತ್ತಂಗಿಲ್ಲ ಅಂತ ನೀವ ಅಂದ್ರಂತಲ್ರಿ ಅಕ್ಕೋರ. ಖೋಲ್ಯಾಗ ಕುಂದ್ರಿಸಿಕೊಂಡು ಮನಿ ಮಾತೆಲ್ಲಾ ಕೇಳಿದ್ದು ಇದಕ್ಕೇನ್ರಿ?"

ನಾ ಹಂಗ ಅಂದಿಲ್ಲ ಅಂದೆ. ಆಕಿ ನಂಬಲಿಲ್ಲ. ಯಾಕ ನಂಬ್ತಾಳ? ಸಹಿ ಮಾಡಿಸಿಕೊಳ್ಳಾಗ ಹೆಡ್‌ಮಾಸ್ತರ್ರು, ಸಮಾಲೋಚಕರದ್ದೂ ಇದ ಅಭಿಪ್ರಾಯ ಐತಿ ಅಂತ ಹೇಳಿ ಆಕಿ ಬಾಯಿ ಮುಚ್ಚಿಸಿದ್ರು. ಒಂದು ಘಳಿಗಿ ನನ್ನ ಮಾರಿನ ನೋಡಿದಾಕಿ, ಸೆರಗು ಕೊಡವಿ, ಅಂದಿಲ್ಲಂದ್ರ ನಡೀರಿ, ಸರ್ ಮುಂದ ಅದನ್ನ ಹೇಳ್ರಿ ಅಂದ್ಲು. ಮಗಳನ್ನ ರಟ್ಟಿ ಹಿಡದು ಎಬ್ಬಿಸಿದ್ಲು. ಮೂರೂ ಮಂದಿ ಕಾಲಾಗಿನ ಕೆಸರು ತೊಳೀದನ ಶಾಲಿಗೆ ಬಂದ್ವಿ. ಹೆಡ್‌ಮಾಸ್ತರ್ರ ಖೋಲ್ಯಾಗ ಹೊಸಾ ಜಮಖಾನೆ ಹಾಸಿದ್ರು. ಅದರ ಮ್ಯಾಲೆ ನಮ್ಮ ಹೆಜ್ಜಿ ಮೂಡಿದ್ದನ್ನ ನೋಡಿ ನನಗ ಭಾಳ ಸಮಾಧಾನ ಆತು.

ನಾ ಹಂಗ ಹೇಳಿಲ್ಲ, ಈಕಿ ಪಾಸ್ ಆಗೂ ಹುಡುಗಿ ಅಂತ ಅವ್ವನ ಎದುರಿಗೆ ಹೇಳಿದೆ. ಅವ್ವ ಅರ್ಜಿ ವಾಪಸ್ ಕೊಡ್ರಿ ಅಂದ್ಲು. ಆಕಿ ಕಡಿಂದ ಅರ್ಜಿ ಹೋಗದ ಶಾಲಿಯವ್ರು ಟಿಸಿ ಕೊಡಾಕ ಬರಂಗಿಲ್ಲ, ಅದು ಹೆಡ್‌ಮಾಸ್ತರ್ರಿಗೂ ಗೊತ್ತಿತ್ತು. ಅರ್ಜಿ ಹರದು ಬುಟ್ಟಿಗೆ ಒಗದ್ರು. ನನ್ನ ಮ್ಯಾಲೆ ತೀರಿಸಿಕೊಳ್ಳಾಕ ಆಗಲಿಲ್ಲ ಅಂತ ಹುಡುಗಿ ಕಡೆ ತಿರಗಿದ್ರು.

"ಪಾಸಾಗೂ ಮಾರಿ ಏನ ಇದು? ಸುಮ್ನ ಟಿಸಿ ತೊಗೊಂಡ ಹೋಗು ಅಂದ್ರ ಹೋಗಬೇಕು."

ಹುಡುಗಿ ಗ್ವಾಡಿ ನೋಡಕೋತ ನಿಂತಿದ್ಲು. ಆಮ್ಯಾಲೆ ನಾಕು ಮಂದಿ ಶಿಕ್ಷಕರನ್ನ ಒಳಗ ಕರದು ಅವರ ಮುಂದ ನನಗ ಒಂದು ಶರತ್ತು ಹಾಕಿದ್ರು. ಈ ಹುಡುಗಿ ಫೇಲ್ ಆದ್ರ ನನ್ನ ಖೋಲಿಗೆ ಕೀಲಿ ಬೀಳಬೇಕು, ಕೌನ್ಸೆಲಿಂಗ್ ದಂಡ ಅಂತ ಅವರು ಟ್ರಸ್ಟಿಗೆ ಬರದು ಕಳಸ್ತಾರ. ಬರೀರಿ ಅಂದೆ.

ಮನಿಗೆ ಹೋದಾಕಿನ ಶಿಕ್ಷಣ ಇಲಾಖೆಗೆ ತಕರಾರು ಅರ್ಜಿ ಬರದೆ. ಎಂಥಾ ಅರ್ಜಿ ಅದು, ಬರಿಯೂ ಮುಂದ ಬಾಯಾಗ ನೀರು ಬರ್ತಿತ್ತು. ಒಂದೊಂದು ಸಾಲಿಗೂ ಆ ಮನಷ್ಯಾನ ಮಾರಿ ಬಿಳೀ ಆಗೂದು ಕಣ್ಣ ಮುಂದ ಬರ್ತಿತ್ತು. ಶುಕ್ರವಾರ ಅದನ್ನ ಬ್ಯಾಗಿನ್ಯಾಗ ಇಟಗೊಂಡು ಸವಣೂರಿಗೆ ಹೋದೆ, ಶಾಲಿ ಬಿಟ್ಟ ಮ್ಯಾಲೆ ಕಚೇರಿಗೆ ಕೊಟ್ಟು ಬರಬೇಕು ಅಂತ. ಮಧ್ಯಾಹ್ನ ಹುಡುಗಿಗೆ ವಿಷಯ ಹೇಳಿದೆ. ಆಕಿಗೆ ಸಂಬಂಧಪಟ್ಟದ್ದನ್ನ ಆಕಿಗೆ ಹೇಳದ ಮಾಡೂದು ನನ್ನ ಪದ್ಧತಿ ಅಲ್ಲ. ಆಕಿ ಕೇಳಿದ್ದು ಒಂದ ಮಾತು, ಅರ್ಜಿ ಕೊಟ್ರ ತನ್ನನ್ನೂ ಕರದು ಕೇಳ್ತಾರೇನು ಅಂತ. ಕೇಳೇ ಕೇಳ್ತಾರ ಅಂದೆ. ಯಾಕ ಹೊಡದು ಹಾಕ್ತಿದ್ದಿ, ಸರ್ ಏನಂದ್ರು, ಅವರ ಎದುರಿಗೆ ಹೇಳು ಅಂತಾರ. ಖುರ್ಚಿ ಕೈ ಹಿಡಕೊಂಡ ಆಕಿ ಬೆರಳು ಬೆಳ್ಳಗಾಗಿದ್ವು.

ಶಾಲಿ ಬಿಡ್ತು. ಕಚೇರಿ ಕಡೆ ಹೋಗೂ ಹಾದಿ ಎಡಕ್ಕ, ಬಸ್‌ಸ್ಟ್ಯಾಂಡ್ ಬಲಕ್ಕ. ಭಾಳ ಹೊತ್ತು ಅಲ್ಲೆ ನಿಂತೆ. ಅರ್ಜಿ ಕೊಟ್ರ ನನ್ನ ಸಿಟ್ಟು ತಣ್ಣಗಾಗ್ತಿತ್ತು ಖರೆ. ಆದ್ರ ವಿಚಾರಣೆ ಅಂತ ಆಕಿನ್ನ ನಿಲ್ಲಿಸಿ ಎರಡನೇ ಸಲ ಎಲ್ಲಾರ ಮುಂದ ಆಕಿ ಪೇಪರ್ ಓದಿಸಿದಂಗ ಆಗ್ತಿತ್ತು, ಈ ಸಲ ನನ್ನ ಕೈಲೆ. ಬಲಕ್ಕ ತಿರಗಿದೆ. ಅರ್ಜಿ ಮನ್ಯಾಗ ಸೀರಿ ಕೆಳಗ ಇಟ್ಟೆ. ಈಕಿ ಪಾಸ್ ಆಗಬೇಕು, ಈ ಮನಷ್ಯಾ ಅದನ್ನ ಕಣ್ಣಿಲೆ ನೋಡಬೇಕು, ಇದ ನನ್ನ ಸೇಡು ಅಂತ ಠರಾಯಿಸಿದೆ. ಬಂಕಾಪುರ ದಾಟೂ ಹೊತ್ತಿಗೆ ಇನ್ನೊಂದು ಹೊಳೀತು. ಆಕಿ ಫೇಲ್ ಆದ್ರ ಆ ಮನಷ್ಯಾನ ನೂರು ಒಡೀತೈತಿ. ಪಾಸ್ ಆದ್ರ ಅವರ ಫ್ಲೆಕ್ಸ್ ಮ್ಯಾಲಿನ ನೂರನ್ನ ನಾನ ಬರದು ಕೊಟ್ಟಂಗ. ಬಸ್ಸಿನ್ಯಾಗ ಒಬ್ಬಾಕಿನ ನಕ್ಕೆ. ಬಾಜೂಕ ಕುಂತಾಕಿ ದೂರ ಸರದಳು.

ಹಂಗಂತ ಸಣ್ಣ ಪುಟ್ಟ ಲೆಕ್ಕ ತೀರಿಸಿಕೊಳ್ಳೂದನ್ನ ನಾ ಬಿಡಲಿಲ್ಲ. ಪಾಲಕರ ಸಭಾಕ್ಕ ಟ್ರಸ್ಟಿನ ಅಧ್ಯಕ್ಷರು ಬಂದಿದ್ರು. ನನಗ ಎರಡು ಮಾತು ಆಡಾಕ ಕೊಟ್ರು. ಹಿಂದ ಬಿದ್ದ ಮಕ್ಕಳಿಗೆ ನಮ್ಮ ಹೆಡ್‌ಮಾಸ್ತರ್ರು ತಾವ ಸ್ವತಃ ದಿನಾ ಮುಂಜಾನೆ ಎಂಟಕ್ಕ ಬಂದು ಇಂಗ್ಲಿಷ್ ಹೇಳಿ ಕೊಡಾಕ ಮುಂದ ಬಂದಾರ, ಇಂಥಾ ದೊಡ್ಡ ಮನಸ್ಸು ಯಾರಿಗೈತಿ ಅಂತ ಹೇಳಿ ಕೈ ಮುಗದೆ. ಅಧ್ಯಕ್ಷರು ಚಪ್ಪಾಳಿ ಹೊಡದ್ರು, ಪಾಲಕರೂ ಹೊಡದ್ರು. ಅಂಥಾ ಮಾತ ಆಡದ, ಹತ್ತಕ್ಕ ಬರೂದಕ್ಕೂ ಒದ್ದಾಡೂ ಮನಷ್ಯಾ ಆ ಚಳಿಗಾಲ ಪೂರ್ತಿ ಮಫ್ಲರ್ ಸುತಗೊಂಡು ಎಂಟಕ್ಕ ಬಂದ್ರು. ಸೋಮವಾರ, ಶುಕ್ರವಾರ ಹಿಂದಿನ ಬೆಂಚಿನ್ಯಾಗ ನಾನೂ ಕುಂದರತಿದ್ದೆ, ಯಾವ ಮಗುವಿನ ಪೇಪರನ್ನೂ ದೊಡ್ಡ ದನಿಲೆ ಓದಬಾರದು ಅಂತ. ನನ್ನ ಬಸ್ಸೂ ಕತ್ತಲಾಗ ಹಿಡೀಬೇಕಾಗ್ತಿತ್ತು, ಆದ್ರ ಅವರ ಮಾರಿ ನೋಡಿದ ಕೂಡಲೆ ಚಳಿ ಹೋಗ್ತಿತ್ತು.

ಇನ್ನ ಅಸಲೀ ಕೆಲಸ. ಅವ್ವನ್ನ ಒಪ್ಪಿಸಿ ಪರೀಕ್ಷೆ ತನಕ ಹುಡುಗಿನ್ನ ಮುಂಜಾನಿ ಎಲಿ ಕೊಯ್ಯೂದರಿಂದ ಬಿಡಿಸಿದೆ. ಬಾಜೂ ಮನಿ ಹೆಣ್ಮಗಳು ಅವ್ವನ ಜೋಡಿ ಹೋದ್ಲು. ಹುಡುಗಿಗೆ ನಿದ್ದಿ ಸಿಕ್ತು. ಗಣಿತದ ಅಕ್ಕೋರು ಪ್ರತಿ ವಿಷಯದಾಗ ಪಾಸಾಗಾಕ ಸಾಕಾಗೂ ಪ್ರಶ್ನೆ ಆರಿಸಿ ಕೊಟ್ರು: ರಚನೆ, ನಕ್ಷೆ, ಚಿತ್ರ ತಗದು ಭಾಗ ಗುರತಿಸೂದು, ಪತ್ರ ಬರಿಯೂದು. ಅವೆಲ್ಲಾ ಆಕಿ ಬರೀತಿದ್ಲು. ಬರದದ್ದನ್ನ ಹೊಡೀದಂಗ ನೋಡಕೊಳ್ಳೂದು ನನ್ನ ಪಾಲಿಗೆ.

ತೋಟದಾಗ ನೋಡಿದ್ದೊಂದು ನನಗ ನೆನಪಿತ್ತು. ಎಲಿ ಪೆಂಡಿ ಕಟ್ಟಿದ ಮ್ಯಾಲೆ ಅವ್ವ ಮಗಳು ಯಾರೂ ಅದನ್ನ ಮತ್ತ ಮುಟ್ಟುತಿದ್ದಿಲ್ಲ. ಹುಡುಗಿನ್ನ ಯಾಕ ಅಂತ ಕೇಳಿದ್ರ, ಬಿಚ್ಚಿ ನೋಡಿದ್ರ ಎಲಿ ಬಾಡ್ತಾವ್ರಿ ಅಂದ್ಲು. ಹಂಗಾದ್ರ ಉತ್ತರಾನೂ ಹಂಗ ಅಂದೆ. ಒಂದು ಉತ್ತರಕ್ಕ ಒಂದು ಹಾಳಿ. ಬರದ ಕೂಡಲೆ ಮಡಚಿ, ಬಾಳಿ ನಾರಿನಿಂದ ಕಟ್ಟಿ ಬಕೀಟಿಗೆ ಹಾಕಬೇಕು. ಬಿಚ್ಚೂದು ನಾವು, ಆಕಿ ಅಲ್ಲ. ಮೊದಮೊದಲು ಬಕೀಟಿನ ಕಡೆ ಕೈ ಹೋಗ್ತಿತ್ತು. ಆಮ್ಯಾಲೆ ಹೋಗೂದು ಬಿಡ್ತು. ನಂತರ ನಾರು ಬಿಟ್ಟು ಬರೇ ಮಡಚೂದು, ಅದಾದ ಮ್ಯಾಲೆ ಪುಟ ತಿರುವಿ ಮ್ಯಾಲೆ ಅಂಗೈ ಇಡೂದು. ಪರೀಕ್ಷಾದಾಗ ನಾರು ಬಿಡಂಗಿಲ್ಲಲ್ಲ.

ಮೊದಲನೇ ಪೂರ್ವಸಿದ್ಧತಾ ಪರೀಕ್ಷೆಯೊಳಗ ಎಲ್ಲಾ ಮಣ್ಣುಗೂಡ್ತು. ಇಂಗ್ಲಿಷ್ ಪೇಪರಿನ ದಿನ ಹೆಡ್‌ಮಾಸ್ತರ್ರು ಪರೀಕ್ಷಾ ಹಾಲಿನ್ಯಾಗ ತಿರಗಿಕೋತ ಬಂದು ಆಕಿ ಬೆನ್ನ ಹಿಂದ ನಿಂತ್ರಂತ. ಏನೂ ಅನ್ನಲಿಲ್ಲ, ನಿಂತ್ರು ಅಷ್ಟ. ಆಕಿ ಮೊದಲನೇ ಪುಟದಿಂದ ಕಡೀ ಪುಟದ ತನಕ ಗೆರಿ ಎಳದು ಎದ್ದು ಹೋದ್ಲು. ಹೆಡ್‌ಮಾಸ್ತರ್ರು ಆ ಪೇಪರನ್ನ ತಂದು ನನ್ನ ತೊಡಿ ಮ್ಯಾಲೆ ಇಟ್ಟು, ನೋಡ್ರಿ ನಿಮ್ಮ ಸಾಧನೆ ಅಂದ್ರು. ಆ ಹೊತ್ತಿಗೆ ನನ್ನ ಕೈಯಾಗ ಮೂಲ್ಯಾಗಿನ ಭೂಗೋಳ ಇತ್ತು. ಅದನ್ನ ಅವರ ತಲಿ ಮ್ಯಾಲೆ ಕುಟ್ಟಲಿಲ್ಲ ಅನ್ನೂದು ನನ್ನ ನೌಕರಿಯೊಳಗ ನಾ ಮಾಡಿದ ದೊಡ್ಡ ಸಾಧನೆ.

ಹುಡುಗಿ ಎರಡು ಪಾಳಿ ತನಕ ನನ್ನ ಖೋಲಿ ಕಡೆ ಹಾಯಲಿಲ್ಲ. ಬಂದಾಗ ಅಳಾಕತ್ತಿದ್ಲು. ನಾರು, ಪೆಂಡಿ, ಬಕೀಟು ಎಲ್ಲಾ ಕೈಗೆ ಕಲಸಿದ್ದೆ, ಕಿವಿಗೆ ಏನೂ ಕಲಸಿದ್ದಿಲ್ಲ ಅಂತ ಆಗ ನನಗ ಹೊಳೀತು. ಆ ದನಿ ಆಕಿ ಕಿವ್ಯಾಗ ಹಂಗ ಕುಂತಿತ್ತು. ಗಣಿತದ ಅಕ್ಕೋರು ಅಲ್ಲೆ ಇದ್ರು. ಸರ್ ಹೆಂಗ ಓದಿದ್ರು, ಒಮ್ಮೆ ನನಗ ಮಾಡಿ ತೋರಸು ಅಂದೆ. ಒಲ್ಲೆ ಅಂದ್ಲು. ಸಾವಕಾಶ ಅಂದೆ. ಬಾಗಲಾದ ಕಡೆ ನೋಡಿದ್ಲು. ಅವತ್ತೊಂದ ದಿನ ನಾ ಕಟ್ಟಳೆ ಮುರದು ಎದ್ದು ಹೋಗಿ ಬಾಗಲಾ ಹಾಕಿದೆ.

ಆಕಿ ಎದ್ದು ನಿಂತ್ಲು. ದುಪಟ್ಟಾನ ಮಫ್ಲರಿನಂಗ ಸುತ್ತಿಕೊಂಡ್ಲು. ಮೂಗು ಮ್ಯಾಲೆತ್ತಿ, ಒಂದೊಂದು ಶಬ್ದಾನೂ ಜಗ್ಗಿ ಜಗ್ಗಿ ತನ್ನ ಪೇಪರನ್ನ ತಾನ ಓದಿದ್ಲು. ಸಾಕ್ಷಾತ್ ಹೆಡ್‌ಮಾಸ್ತರ್ರ ಬಂದು ನಿಂತಂಗಿತ್ತು. ಗಣಿತದ ಅಕ್ಕೋರು ನಕ್ಕು ನಕ್ಕು ಮುರಕ ಸ್ಟೂಲಿನಿಂದ ಕೆಳಗ ಬಿದ್ರು. ನನ್ನ ಕಣ್ಣಾಗ ನೀರು ಬಂದ್ವು. ನಮ್ಮ ನಗು ನೋಡಿ ಆಕಿನೂ ನಕ್ಕಳು. ಮತ್ತೊಮ್ಮೆ ಓದು ಅಂದ್ವಿ, ಓದಿದ್ಲು. ಇನ್ನೊಮ್ಮೆ ಅಂದ್ವಿ. ಕಡೀ ಸಲ ನಡುವ ನಿಂತು, ಪೇಪರ್ ಕಡೆ ನೋಡಿ, ಅಕ್ಕೋರ, ಇದರಾಗ ಅಷ್ಟು ನಗೂವಂಥಾದ್ದು ಏನೂ ಇಲ್ಲಲ್ರಿ ಅಂದ್ಲು.

ಎರಡನೇ ಪೂರ್ವಸಿದ್ಧತಾ ಪರೀಕ್ಷೆಯೊಳಗ ಇಂಗ್ಲಿಷ್ ಒಂದು ಬಿಟ್ಟು ಎಲ್ಲಾದರಾಗೂ ಪಾಸ್. ಇಂಗ್ಲಿಷ್ ಸ್ವಲ್ಪಕ್ಕ ಹೋಗಿತ್ತು, ಆದ್ರ ಗೆರಿ ಎಲ್ಲೂ ಇದ್ದಿಲ್ಲ. ಮಾರ್ಚದಾಗ ಪರೀಕ್ಷಾ ಕೇಂದ್ರ ಬ್ಯಾರೆ ಶಾಲ್ಯಾಗ ಬಂತು, ಬೆನ್ನ ಹಿಂದ ನಿಲ್ಲಾಕ ನಮ್ಮ ಮನಷ್ಯಾಗ ದಾರಿ ಇದ್ದಿಲ್ಲ. ಕಡೀ ಗಂಟಿ ತನಕ ಕುಂತಿರು, ಟೈಮ್ ಉಳದ್ರ ಪುಟ ಮುಚ್ಚಿ ಮ್ಯಾಲೆ ಅಂಗೈ ಇಟ್ಟು ಕಿಟಕಿ ನೋಡು, ಒಳಗ ಮಾತ್ರ ನೋಡಬ್ಯಾಡ ಅಂತ ಹೇಳಿ ಕಳಿಸಿದ್ದೆ. ಇಂಗ್ಲಿಷ್ ಪೇಪರ್ ಮುಗದು ಹೊರಗ ಬಂದಾಗ ಏನವಾ ಅಂದೆ. ಕಿಟಕಿ ಹೊರಗ ಒಂದು ಆಡು ಬೇಲಿ ತಿನ್ನಾಕತ್ತಿತ್ರಿ, ಅದನ್ನ ನೋಡ್ದೆ ಅಂದ್ಲು.

ಫಲಿತಾಂಶ ಬಂದ ದಿನ ನಾ ಹಾನಗಲ್ಲಿನ ಶಾಲ್ಯಾಗ ಇದ್ದೆ. ಗಣಿತದ ಅಕ್ಕೋರು ಫೋನ್ ಮಾಡಿದ್ರು. ಎಲ್ಲಾದರಾಗೂ ಪಾಸ್, ಇಂಗ್ಲಿಷಿನ್ಯಾಗ ತುದೀಲಿ ಪಾರಾಗ್ಯಾಳ. ಶಾಲಿಗೆ ನೂರಕ್ಕ ನೂರು. ಅಲ್ಲೆ ಕಟ್ಟಿ ಮ್ಯಾಲೆ ಕುಂತು ಸೆರಗಿನಿಂದ ಕಣ್ಣು ಒರಿಸಿಕೊಂಡೆ.

ಆದ್ರ ಸೋಮವಾರ ಸವಣೂರಿನ ಬಸ್‌ಸ್ಟ್ಯಾಂಡಿನ್ಯಾಗ ಇಳದ್ರ ಎದುರಿಗೆ ಫ್ಲೆಕ್ಸ್. ನೂರು ಅನ್ನೂ ಅಂಕಿ ಮನಷ್ಯಾನಷ್ಟ ಎತ್ತರ, ಅದರ ಬಾಜೂಕ ಹೆಡ್‌ಮಾಸ್ತರ್ರ ಫೋಟೊ ಅದಕ್ಕಿಂತ ಎತ್ತರ. ಕೆಳಗ ಹೆಚ್ಚು ಅಂಕ ತೊಗೊಂಡ ಮಕ್ಕಳ ಸಣ್ಣ ಸಣ್ಣ ಫೋಟೊ. ಹಿಂದುಳಿದ ಮಕ್ಕಳ ಆಶಾಕಿರಣ ಅಂತ ಅವರ ಹೆಸರಿನ ಮ್ಯಾಲೆ ಬರಿಸಿಕೊಂಡಿದ್ರು. ಶಾಲ್ಯಾಗ ಅಧ್ಯಕ್ಷರು ಅವರಿಗೆ ಶಾಲು ಹೊದಿಸಿದ್ರು, ಎಂಟರ ಕ್ಲಾಸಿನ ಸಲುವಾಗಿ. ನನ್ನ ಕೈಗೆ ಒಂದು ಪೊಟ್ಟಣ ಸವಣೂರ ಖಾರದ ತಿನಿಸು ಕೊಟ್ಟು, ನಿಮ್ಮದೂ ಸ್ವಲ್ಪ ಪಾಲೈತ್ರಿ ಅಂದ್ರು. ಸೀರಿ ಕೆಳಗಿನ ಅರ್ಜಿ ನೆನಪಾತು. ಖಾರದ ಪೊಟ್ಟಣ ಬಿಚ್ಚದನ ಬಸ್ಸಿನ್ಯಾಗ ಬಿಟ್ಟು ಬಂದೆ.

ಜೂನ್ ಬಂತು, ಮಕ್ಕಳು ಟಿಸಿಗೆ ಬರಾಕ ಸುರು ಆದ್ರು. ನಮ್ಮ ಶಾಲ್ಯಾಗ ಟಿಸಿ ಇನ್ನೂ ಕೈಲೆ ಬರೀತಾರ. ಅಕ್ಷರದ ಗರ್ವಕ್ಕ ಅದನ್ನ ಹೆಡ್‌ಮಾಸ್ತರ್ರ ಬರೀತಾರ, ಕ್ಲಾರ್ಕಿಗೆ ಕೊಡಂಗಿಲ್ಲ. ಶುಕ್ರವಾರ ಮಧ್ಯಾಹ್ನ ಆ ಹುಡುಗಿ ಅವ್ವನ ಜೋಡಿ ಬಂದ್ಲು. ನನ್ನನ್ನೂ ಕರದ್ಲು. ಹೆಡ್‌ಮಾಸ್ತರ್ರ ಖೋಲ್ಯಾಗ ಇನ್ನಾ ಮೂರು ನಾಕು ಮಂದಿ ಪಾಲಕರು, ಗಣಿತದ ಅಕ್ಕೋರು ಇದ್ರು. ಹೆಡ್‌ಮಾಸ್ತರ್ರು ಜೇನಿನಂಥಾ ದನಿ ಮಾಡಿ, ಯಾಕ್ ಹೋಗ್ತಿ ತಂಗಿ, ನಮ್ಮ ಟ್ರಸ್ಟಿನದ ಕಾಲೇಜ್ ಐತಿ, ಇಲ್ಲೇ ಓದು, ಅಧ್ಯಕ್ಷರಿಗೆ ನಾ ಹೇಳ್ತೇನಿ ಅಂದ್ರು. ಆಕಿ ಸೀದಾ ಅವರ ಮಾರಿನ ನೋಡಿದ್ಲು.

"ಟಿಸಿ ತೊಗೊಂಡ ಹೋಗು ಅಂದಿದ್ರಲ್ರಿ ಸರ್. ಈಗ ತೊಗೊಂಡ ಹೋಗಾಕ ಬಂದೇನ್ರಿ."

ಹೆಡ್‌ಮಾಸ್ತರ್ರು ಹಾಳಿ ಎಳಕೊಂಡು ಬರಿಯಾಕ ಹತ್ತಿದ್ರು. ಬರದು, ಸಹಿ ಮಾಡಿ, ಶಿಕ್ಕಾ ಒತ್ತಿ ಮುಂದ ನೂಕಿದ್ರು. ಆಕಿ ತೊಗೊಂಡಾಕಿ ಹೊರಗ ಹೋಗಲಿಲ್ಲ. ಅಲ್ಲೇ ನಿಂತು, ದೊಡ್ಡ ದನಿಲೆ, ಮ್ಯಾಲಿನ ಸಾಲಿನಿಂದ ಓದಾಕ ಸುರು ಮಾಡಿದ್ಲು. ಮೂಗಿನ್ಯಾಗ ಎಳದು ಓದ್ತಾಳೇನೋ ಅಂತ ನನಗ ಒಂದು ಘಳಿಗಿ ಆಸೆ ಹುಟ್ಟಿತ್ತು. ಇಲ್ಲ. ತನ್ನ ದನಿಲೆನ ಓದಿದ್ಲು. ಹೆಸರು, ಅವ್ವನ ಹೆಸರು, ಹುಟ್ಟಿದ ತಾರೀಖು, ನಡತೆ ಉತ್ತಮ. ಶಾಲೆ ಬಿಡಲು ಕಾರಣ ಅನ್ನೂ ಸಾಲಿಗೆ ಬಂದು ನಿಂತ್ಲು.

ಅಲ್ಲೆ ಪಾಲಕರ ಕೋರಿಕೆ ಅಂತ ಬರದಿತ್ತು.

"ಇದು ತಪ್ಪೈತ್ರಿ ಸರ್. ಅವ್ವ ಕೇಳಿಲ್ರಿ. ಪಾಸಾಗಿ ಮುಂದ ಓದಾಕ ಹೊಂಟೇನಿ. ಹಂಗ ಬರದ ಕೊಡ್ರಿ."

ಪಾಲಕರೊಬ್ರು, ಖರೆ ಐತಲ್ರಿ ಅಂದ್ರು. ಅವ್ವ ಬಾಗಲಾಕ ಅಡ್ಡ ನಿಂತಿದ್ಲು, ಸರೀಲಿಲ್ಲ. ಟಿಸಿಯೊಳಗ ತಿದ್ದಿದ ಗುರತಿದ್ರ ಕಾಲೇಜಿನವ್ರು ತೊಗೊಳ್ಳಂಗಿಲ್ಲ, ಹೊಸಾದ ಬರೀಬೇಕು, ಹಳೇದನ್ನ ರದ್ದು ಮಾಡಬೇಕು. ಹೆಡ್‌ಮಾಸ್ತರ್ರು ಹುಡುಗಿ ಕೈಯಾಗಿನ ಹಾಳಿ ವಾಪಸ್ ಇಸಕೊಂಡ್ರು. ಸ್ಕೇಲ್ ಹುಡುಕಿದ್ರು, ಸಿಗಲಿಲ್ಲ. ಆ ಮುತ್ತಿನಂಥಾ ಅಕ್ಷರದ ಮ್ಯಾಲೆ, ಮ್ಯಾಲಿನ ಮೂಲಿಯಿಂದ ಕೆಳಗಿನ ಮೂಲಿ ತನಕ, ತಮ್ಮ ಕೈಲೆನ ಒಂದು ಉದ್ದ ಅಡ್ಡಗೆರಿ ಎಳದ್ರು. ಹುಡುಗಿ ಅದನ್ನ ಪೂರ್ತಿ ಎಳದು ಮುಗಿಯೂ ತನಕ ನೋಡಿದ್ಲು.